ಗುಂಜಿ ಸಾಲಿಯ ಫೋಲ್ಡರು

ದಸರಾ ಸೂಟಿ ಶುರುವಾಗಿ ಮೂರನೇ ದಿನಕ್ಕೆ ನಮ್ಮ ಮನೆಯ ಕಂಪ್ಯೂಟರು ಕೈಯೆತ್ತಿತು. ಶಿಕ್ಷಕರಿಗೆಲ್ಲ ಆನ್‌ಲೈನ್ ತರಬೇತಿ ಅಂತ ಒಂದು ಬಂದಿತ್ತು. ನಾವು ಪಾಠ ಮಾಡುವುದನ್ನು ಹತ್ತು ನಿಮಿಷದ ವಿಡಿಯೋ ಮಾಡಿ ಸೂಟಿ ಮುಗಿಯುವುದರೊಳಗೆ ಕಳಿಸಬೇಕು. ವಿಡಿಯೋ ಫೋನಿನಲ್ಲಿ ತಯಾರಾಗಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ ಬೇಡಾದ ತುಣುಕು ಕತ್ತರಿಸೋಣ ಎಂದು ಕೂತರೆ ಜಾಗವಿಲ್ಲ ಎಂಬ ಸಂದೇಶ ಬಂತು. ಮತ್ತೊಮ್ಮೆ ಮಾಡಿದೆ. ಮತ್ತದೇ. ಮೂರನೇ ಸಲಕ್ಕೆ ತೆರೆಯೇ ನಿಂತುಹೋಯಿತು. ಮೌಸು ಎಷ್ಟು ಆಡಿಸಿದರೂ ಬಾಣ ಅಲುಗಲಿಲ್ಲ.

ನಮ್ಮ ಮನೆಯವರು ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸುವ ಮಾಸ್ತರು. ಯಂತ್ರ ಯಾವುದೇ ಇರಲಿ, ಅದರ ಪರವಾಗಿ ಮಾತಾಡುವವರು. ತುಂಬಿದ ಚೀಲಕ್ಕೆ ಇನ್ನೆಷ್ಟು ತುರುಕುತ್ತೀ, ಮೊದಲು ಬೇಡಾದದ್ದು ತೆಗೆ ಅಂದರು. ಎಲ್ಲಕ್ಕಿಂತ ದೊಡ್ಡ ಫೈಲು ಮೇಲೆ, ಸಣ್ಣದು ಕೆಳಗೆ ಬರುವ ಹಾಗೆ ಜೋಡಿಸಿಕೊಳ್ಳುವುದನ್ನು ತೋರಿಸಿಕೊಟ್ಟು, ತಾವು ಮಹಾಂತೇಶ ನಗರದ ಕೊನೆಯ ಬಸ್ ಸ್ಟಾಪಿನವರೆಗೆ ನಡೆದುಬರಲು ಹೋದರು.

ನಾನು ಅಳಿಸುತ್ತ ಕೂತೆ. ಮಗಳು ಗದಗಿಗೆ ಸೊಸೆಯಾಗಿ ಹೋಗಿ ಐದು ವರ್ಷವಾಗಿದೆ, ಆಕೆಯ ಪಿಯುಸಿ ಹಾಲ್ ಟಿಕೆಟ್ಟು ಇನ್ನೂ ಇಲ್ಲಿತ್ತು. ಆಕೆಯ ಬಯೋಡಾಟಾ ಇತ್ತು, ಹೊಸ ಬಯೋಡಾಟಾ ಇತ್ತು, ಕೊನೆಯ ಬಯೋಡಾಟಾ ಇತ್ತು, ಖರೇ ಕೊನೆಯದು ಅಂತ ಇನ್ನೊಂದಿತ್ತು. ಯಾರದೋ ಗೃಹಪ್ರವೇಶದ ಆಮಂತ್ರಣ. ಆ ಮನೆಗೆ ಈಗ ಎರಡನೇ ಸಲ ಬಣ್ಣ ಹಚ್ಚಿಯಾಗಿದೆ. ನಮ್ಮ ಮನೆಯವರು ಬಿಡಿಸಿದ ಬೋಲ್ಟು ನಟ್ಟುಗಳ ಚಿತ್ರ, ಒಂದೊಂದಕ್ಕೆ ನಾಲ್ಕು ನಾಲ್ಕು ಪ್ರತಿ. ಸೋದರಳಿಯನ ಮದುವೆಯ ವಿಡಿಯೋ ಏಳು ಭಾಗ, ಅದರಲ್ಲಿ ಎರಡು ಭಾಗ ಪೂರ್ತಿ ಜನ ಊಟ ಮಾಡುವುದೇ. ಒಂದೊಂದನ್ನು ಅಳಿಸುವ ಮುಂಚೆ ತೆರೆದು ನೋಡುತ್ತಿದ್ದೆ. ನೋಡಿದರೆ ಇಟ್ಟುಕೊಳ್ಳೋಣ ಅನಿಸುತ್ತಿತ್ತು. ಇಟ್ಟುಕೊಂಡರೆ ಕೂತದ್ದೇ ವ್ಯರ್ಥ. ಸಿಟ್ಟು ಬಂದು ನೋಡದೆಯೇ ಅಳಿಸಿದರೆ ಮರುಗಳಿಗೆಗೆ ಹಿಂದಕ್ಕೆ ತರುತ್ತಿದ್ದೆ. ನಡುನಡುವೆ ಎದ್ದು ಹೋಗಿ ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನು ಇಳಿಸಿ ತೊಳೆದಿಟ್ಟೆ. ಮತ್ತೆ ಬಂದು ಕೂತೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಳೆಲ್ಲ ಹೊಳೆಯುತ್ತಿದ್ದವು, ಕಂಪ್ಯೂಟರಿನಲ್ಲಿ ಬೆರಳಷ್ಟು ಜಾಗವೂ ಆಗಿರಲಿಲ್ಲ.

ಆಗ ಗುಂಜಿ ಸಾಲಿ ಎಂಬ ಫೋಲ್ಡರು ತೆರೆದೆ.

ಖಾನಾಪುರ ದಾಟಿದ ಮೇಲೆ ಕಾಡಿನ ಅಂಚಿಗಿರುವ ಗುಂಜಿಯ ಹತ್ತಿರ ಒಂದು ಸಣ್ಣ ಕನ್ನಡ ಸಾಲಿಯಲ್ಲಿ ನಾನು ಎಂಟು ವರ್ಷ ಕಲಿಸಿದ್ದೇನೆ. ದಿನಾ ಬೆಳಗಾವಿಯಿಂದ ಪ್ಯಾಸೆಂಜರ್ ರೈಲಿಗೆ ಹೋಗಿ ಬರುತ್ತಿದ್ದೆ. ನಾಲ್ಕನೇ ಇಯತ್ತೆಯವರೆಗಿನ ಸಾಲಿ. ಹುಡುಗರು ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲಿ ಮರಾಠಿ ಆಡುವವರು, ಎಮ್ಮೆ ಸಾಕುವ ಗೌಳಿಗರ ಮಕ್ಕಳು. ಅವರ ಓದು ಎಷ್ಟು ಸುಧಾರಿಸಿತು ಎಂದು ತಂದೆ ತಾಯಿಗೆ ಕೇಳಿಸಬೇಕು ಅಂತ ನನಗೊಂದು ಹುರುಪು. ನಮ್ಮ ಮನೆಯವರಿಂದ ಧ್ವನಿ ಮುದ್ರಿಸುವ ಸಣ್ಣ ಯಂತ್ರವೊಂದನ್ನು ಕೊಡಿಸಿಕೊಂಡು, ಒಬ್ಬೊಬ್ಬರನ್ನೂ ಓದಿಸಿ ಮುದ್ರಿಸುತ್ತಿದ್ದೆ. ಶನಿವಾರ ಮನೆಗೆ ಬಂದು ಕಂಪ್ಯೂಟರಿಗೆ ಹಾಕುತ್ತಿದ್ದೆ. ಹೀಗೆ ಕೂಡಿಬಿದ್ದ ಫೈಲುಗಳು ಮುನ್ನೂರಕ್ಕೂ ಹೆಚ್ಚು.

ಎಲ್ಲ ಎರಡು ಮೂರು ನಿಮಿಷದವು, ಹುಡುಗರ ಹೆಸರು ಹಚ್ಚಿದವು. ಒಂದೇ ಒಂದು ಫೈಲು ಎಲ್ಲಕ್ಕಿಂತ ಮೇಲೆ ಕೂತಿತ್ತು. ಹೆಸರಿಲ್ಲ, ಯಂತ್ರವೇ ಕೊಟ್ಟ ನಂಬರು. ನಲವತ್ತೊಂದು ನಿಮಿಷ. ಯಂತ್ರ ಬಂದ್ ಮಾಡಲು ಮರೆತಿರಬೇಕು ಅಂದುಕೊಂಡೆ. ಅಳಿಸಲು ಇದಕ್ಕಿಂತ ಯೋಗ್ಯವಾದದ್ದು ಇರಲಿಲ್ಲ. ಆದರೂ ಚಟ, ಒತ್ತಿ ಕೇಳಿದೆ.

ಮೊದಲು ಒಬ್ಬ ಹುಡುಗ ಓದಿ ಮುಗಿಸುತ್ತಾನೆ. ಊಟದ ಗಂಟೆ ಬಡಿಯುತ್ತದೆ. ತಾಟುಗಳ ಸಪ್ಪಳ, ಓಡುವ ಕಾಲುಗಳ ಸಪ್ಪಳ, ದೂರದಲ್ಲಿ ಬೋರಿಂಗ್ ಪಂಪು ಹೊಡೆಯುವ ಸದ್ದು. ಒಂದು ಗೂಡ್ಸ್ ಗಾಡಿ ಬಹಳ ಹೊತ್ತು ಹಾದುಹೋಗುತ್ತದೆ. ಆಮೇಲೆ ಏನೂ ಇಲ್ಲ. ನಾನು ಕೂತಲ್ಲಿಂದ ಏಳಬೇಕು ಅನ್ನುವಾಗ ಯಾರೋ ಓದತೊಡಗಿದರು.

ಸ್ವಲ್ಪ ಗೊಗ್ಗರು, ತಗ್ಗಿದ ಧ್ವನಿ, ಹೆಣ್ಣುಹುಡುಗಿಯದು. ಪಾಠ ಪೂರ್ತಿ ಓದಿದಳು. ಎಲ್ಲಿಯೂ ಎಡವಲಿಲ್ಲ. ಒತ್ತಕ್ಷರದ ಹತ್ತಿರ ಸ್ವಲ್ಪ ನಿಂತು ದಾಟಿದಳು, ಕಲ್ಲು ನೋಡಿಕೊಂಡು ಹಳ್ಳ ದಾಟುವ ಹಾಗೆ. ಪಾಠ ಮುಗಿದ ಮೇಲೆ ಪುಟ ತಿರುವಿದ ಸದ್ದು. ಮತ್ತೆ ಹಿಂದಿನ ಪುಟ. ‘ಅಜ್ಜಿಗೆ ನೀರು ಕೋಡು,’ ಅಂದಳು. ತಡೆದಳು. ‘ಕೊಡು,’ ಅಂದಳು. ‘ಕೊಡು. ಕೊಡು. ನೀರು ಕೊಡು.’ ಹೀಗೆ ಅದೊಂದೇ ಶಬ್ದವನ್ನು ಮೂವತ್ತು ನಲವತ್ತು ಸಲ ಹೇಳಿದಳು. ಮರಾಠಿ ಮನೆಮಾತಿನ ಹುಡುಗರಿಗೆ ನಮ್ಮ ಒ, ಓ ಎರಡೂ ಒಂದೇ. ಕೊಡು ಅನ್ನುವುದು ಕೋಡು ಆಗುತ್ತದೆ. ಅದನ್ನವಳು ತನ್ನಷ್ಟಕ್ಕೆ ತಾನೇ ತಿದ್ದಿಕೊಳ್ಳುತ್ತಿದ್ದಳು. ಕೊನೆಗೆ ಹೊರಗಿನಿಂದ ಬಿಸಿಯೂಟ ಮಾಡುವಾಕೆ ಹೆಸರು ಹಿಡಿದು ಕೂಗಿದಳು. ಪುಸ್ತಕ ಮುಚ್ಚಿದ ಸದ್ದು, ಓಡಿದ ಸದ್ದು.

ಆ ಹೆಸರು ಕೇಳಿದ್ದೇ ಹಿಂದಕ್ಕೆ ತಂದು ಮತ್ತೊಮ್ಮೆ ಕೇಳಿದೆ.

ಆ ಹುಡುಗಿಗೆ ಓದಲು ಬರುವುದಿಲ್ಲ ಎಂದು ನಾನು ಪ್ರಗತಿಪತ್ರದಲ್ಲಿ ಬರೆದುಕೊಟ್ಟಿದ್ದೆ. ಎರಡು ವರ್ಷ ನನ್ನೆದುರು ಅವಳು ಒಂದು ಸಾಲು ಓದಿರಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ನೆಲ ನೋಡುತ್ತ ನಿಲ್ಲುತ್ತಿದ್ದಳು. ನಾಲ್ಕನೇ ಇಯತ್ತೆ ಮುಗಿದಾಗ ಅವಳ ಅಪ್ಪ ಸಾಲಿಗೆ ಬಂದಿದ್ದ. ಐದನೇ ಇಯತ್ತೆಗೆ ದೂರದ ಸಾಲಿಗೆ ಕಳಿಸಬೇಕು, ಕಳಿಸಲೋ ಬೇಡವೋ ಎಂದು ಕೇಳಲು. ನಾನು ರೈಲಿನ ಹೊತ್ತಾಯಿತೆಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ನಿಂತೇ ಹೇಳಿದ್ದೆ: “ಆಕಿಗೆ ಓದು ಹತ್ತೂದಿಲ್ರಿ. ಸುಮ್ಮನ ಅಷ್ಟು ದೂರ ಕಳಿಸಿ ಯಾಕ ಒದ್ದಾಡ್ತೀರಿ? ಮನಿಯಾಗ ಏನರ ಕೆಲಸ ಕಲಿಸ್ರಿ.” ಅವನು ಕೈ ಮುಗಿದು ಹೋಗಿದ್ದ. ನನಗೆ ರೈಲೂ ಸಿಕ್ಕಿತ್ತು.

ನಮ್ಮ ಮನೆಯವರು ಸಂಜೆ ಮತ್ತೊಮ್ಮೆ ತಿರುಗಾಡಿ ಬಂದಾಗ ನಾನು ಅದನ್ನು ಮೂರನೇ ಸಲ ಕೇಳುತ್ತಿದ್ದೆ. ಎಷ್ಟು ಜಾಗ ಆತು ಎಂದು ಕೇಳಿದರು. ನಾನು ಅವರಿಗೂ ಕೇಳಿಸಿದೆ, ನಡೆದದ್ದು ಹೇಳಿದೆ. ಅವರು, ನೂರಾರು ಹುಡುಗರಿಗೆ ಕಲಿಸಿದವಳು ನೀನು, ಒಬ್ಬಳ ಸಂಗಡ ಹೆಚ್ಚುಕಡಿಮೆ ಆಗಿರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದರು. ತಾವೂ ಒಮ್ಮೆ ಒಬ್ಬ ಹುಡುಗನಿಗೆ ನಿನಗೆ ಕಬ್ಬಿಣ ಉಜ್ಜುವ ಅರ ಹಿಡಿಯಲು ಬರುವುದಿಲ್ಲ ಅಂದಿದ್ದರಂತೆ, ಅವನೀಗ ಉದ್ಯಮಬಾಗದಲ್ಲಿ ಸ್ವಂತ ಲೇತ್ ಇಟ್ಟಿದ್ದಾನಂತೆ. ನನಗೆ ಸಮಾಧಾನ ಮಾಡಲೆಂದೇ ಹೇಳಿದ್ದು. ಆದರೆ ನನ್ನ ಸಂಕಟ ಬೇರೆ. ಓದಲು ಬರುತ್ತಿದ್ದವಳು ನನ್ನೆದುರಿಗೆ ಮಾತ್ರ ಯಾಕೆ ಬಾಯಿ ಬಿಡಲಿಲ್ಲ?

ಮುಂದಿನ ಮೂರು ದಿನ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅಕ್ಕಿ ಆರಿಸಲು ಕೂತರೆ ಅರ್ಧಕ್ಕೆ ಬಿಟ್ಟೇಳುತ್ತಿದ್ದೆ. ಟೆರೇಸಿಗೆ ಹೋಗುತ್ತಿದ್ದೆ, ಯಾಕೆ ಬಂದೆ ಎಂದು ತಿಳಿಯದೆ ಇಳಿದು ಬರುತ್ತಿದ್ದೆ. ಬನ್ನಿ ಹಬ್ಬದ ದಿನ ಅನಗೋಳದ ತವರುಮನೆಗೆ ಹೋದೆವು. ಓಣಿಯ ಮಂದಿ ಮನೆಗೆ ಬಂದು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣು ಎಂದು ಕೈ ಮುಗಿಯುತ್ತಿದ್ದರು. ನಾನೂ ಕೊಡುತ್ತಿದ್ದೆ, ತೆಗೆದುಕೊಳ್ಳುತ್ತಿದ್ದೆ. ಅಣ್ಣನ ಹೆಂಡತಿ ಹೋಳಿಗೆ ಬಡಿಸಿ, ಯಾಕೆ ಮುರಿದು ಮುರಿದು ಹಾಗೇ ಇಟ್ಟಿದ್ದೀರಿ, ಆರಾಮಿಲ್ಲವೇ ಎಂದು ಕೇಳಿದಳು. ಆರಾಮಿದ್ದೇನೆ ಅಂದೆ. ಕಂಪ್ಯೂಟರಿನಲ್ಲಿ ಒಂದು ಫೈಲು ಸಿಕ್ಕಿದೆ, ಅದಕ್ಕೇ ಹೀಗೆ ಎಂದು ಯಾರಿಗೆ ಹೇಳುವುದು?

ಮಾರನೇ ದಿನ ಮುಂಜಾನೆ ಆ ಫೈಲನ್ನು ಫೋನಿಗೆ ಹಾಕಿಕೊಂಡು ಗುಂಜಿಗೆ ಹೊರಟೆ. ಮನೆಯವರು ತಾವೂ ಬರುತ್ತೇನೆಂದರು. ನಾನೇ ಬೇಡವೆಂದೆ.

ರೈಲಿನಲ್ಲಿ ನಾನು ಕೂರುತ್ತಿದ್ದ ಕಿಟಕಿ ಪಕ್ಕದ ಜಾಗವೇ ಸಿಕ್ಕಿತು. ದೇಸೂರು ದಾಟಿತು, ಇದಲಹೊಂಡ ದಾಟಿತು. ಖಾನಾಪುರದಲ್ಲಿ ಬಹಳ ಹೊತ್ತು ನಿಂತಿತು. ಇಳಿದು ತಿರುಗಿ ಹೋಗಿಬಿಡಲೇ ಎಂದು ಎರಡು ಸಲ ಎದ್ದೆ, ಎರಡು ಸಲ ಕೂತೆ. ಹೋಗಿ ಏನೆಂದು ಹೇಳುವುದು? ನಿನಗೆ ಓದಲು ಬರುತ್ತಿತ್ತು ಎಂದು ಅವಳಿಗೇ ಹೋಗಿ ಹೇಳುವುದೇ?

ಗುಂಜಿಯಲ್ಲಿ ಇಳಿದಾಗ ಮಳೆ ಈಗಷ್ಟೇ ನಿಂತ ಹಾಗಿತ್ತು. ಸಾಲಿಗೆ ಕೀಲಿ ಹಾಕಿತ್ತು. ಅಲ್ಲಿಂದ ಅರ್ಧ ತಾಸು ಕಾಡಿನ ಬದಿಯ ದಾರಿ ಹಿಡಿದು ಗೌಳಿವಾಡಕ್ಕೆ ನಡೆದೆ. ಆ ಹುಡುಗಿಯ ಅಪ್ಪ ಹೊರಗೇ ಇದ್ದ, ಎಮ್ಮೆ ಕಟ್ಟುವ ಗೂಟವನ್ನು ಬಡಿಯುತ್ತಿದ್ದ. ತಲೆಯ ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿದವನೇ ಗುರುತು ಹಿಡಿದ. ಅವರ ಮಾತಿನಲ್ಲಿ ಶಿಕ್ಷಕಿಗೆ ಬಾಯಿ ಅನ್ನುತ್ತಾರೆ. ಬರ್ರಿ ಬಾಯಿ, ಕುಂದರ್ರಿ ಎಂದು ಕಂಬಳಿ ಹಾಸಿದ. ಅವನ ಹೆಂಡತಿ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದುಕೊಟ್ಟಳು.

ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಅವನು ಹಿಗ್ಗಿನಿಂದ ಹೇಳತೊಡಗಿದ. ಕನ್ನಡ ಸಾಲಿ ಬಿಟ್ಟಮೇಲೆ ಎರಡು ವರ್ಷ ಎಮ್ಮೆ ಕಾಯ್ದಳು. ಆಮೇಲೆ ಅವಳ ಸೋದರಮಾವ ಖಾನಾಪುರಕ್ಕೆ ಕರಕೊಂಡು ಹೋಗಿ ಮರಾಠಿ ಸಾಲಿಗೆ ಹಾಕಿದ. ತನಗಿಂತ ಸಣ್ಣ ಹುಡುಗರ ಸಂಗಡ ಕೂತು ಹತ್ತನೇ ಇಯತ್ತೆವರೆಗೂ ಓದಿದಳು. ಹೊಲಿಗೆ ಕಲಿತಳು, ಅಲ್ಲೇ ಮದುವೆಯಾಯಿತು, ಈಗ ಸ್ವಂತ ಅಂಗಡಿ ಇಟ್ಟಿದ್ದಾಳೆ. ಇಷ್ಟು ಹೇಳಿ ಅವನು ನನ್ನ ಕಡೆ ತಿರುಗಿದ.

“ನೀವು ಅವತ್ತು ಖರೇ ಹೇಳಿದ್ರಿ, ಬಾಯಿ,” ಅಂದ. “ಬ್ಯಾರೇ ಯಾರರ ಆಗಿದ್ರ ಬರೂದಿಲ್ಲಂದ್ರೂ ಮುಂದ ದೂಡತಿದ್ರು. ನೀವು ಮಾರಿ ಮುಂದ ಹೇಳಿದ್ರಿ. ಕನ್ನಡ ಆಕಿಗೆ ಹತ್ತಲಿಲ್ಲ ನೋಡ್ರಿ.”

ನನ್ನ ಕೈಯಲ್ಲಿ ಮಜ್ಜಿಗೆ ಲೋಟವಿತ್ತು. ಚೀಲದಲ್ಲಿ ಫೋನಿತ್ತು. ತೆಗೆದು ಕೇಳಿಸಿದ್ದರೆ ಎರಡು ನಿಮಿಷದ ಕೆಲಸ. ಕೇಳಿಸಲಿಲ್ಲ. ಇಷ್ಟು ವರ್ಷ ಅವನು ನನ್ನನ್ನು ಒಳ್ಳೆಯವಳೆಂದು ತಿಳಿದುಕೊಂಡಿದ್ದ, ಅದನ್ನು ಅವನೆದುರು ಕೆಡವಲು ನನಗೆ ಧೈರ್ಯ ಬರಲಿಲ್ಲ ಅನ್ನುವುದೇ ನಿಜ. ಮಜ್ಜಿಗೆ ಕುಡಿದೆ, ಅಂಗಡಿ ಎಲ್ಲಿ ಎಂದು ಕೇಳಿಕೊಂಡೆ, ಎದ್ದೆ. ಅವನು ಟೆಂಪೋ ಸಿಗುವ ರಸ್ತೆಯವರೆಗೂ ನನ್ನ ಹಿಂದೆ ಹಿಂದೆ ನಡೆದು ಬಂದ. ದಾರಿಯುದ್ದಕ್ಕೂ ಎಮ್ಮೆಗಳ ಬಗ್ಗೆ ಹೇಳಿದ. ನನಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಖಾನಾಪುರದಲ್ಲಿ ಅಂಗಡಿ ಹುಡುಕುವುದು ತಡವಾಗಲಿಲ್ಲ. ಸ್ಟೇಷನ್ ರಸ್ತೆಗೆ ಹತ್ತಿಕೊಂಡ ಓಣಿ. ಒಂದು ಕೋಣೆ, ಎರಡು ಹೊಲಿಗೆ ಮೆಷಿನ್ನು, ಗೋಡೆಗೆ ಸಾಲಿಯ ನೀಲಿ ಅಂಗಿಗಳನ್ನು ಸಾಲಾಗಿ ತೂಗುಹಾಕಿತ್ತು. ಬಾಗಿಲ ಮೇಲೆ ಮರಾಠಿ, ಕನ್ನಡ ಎರಡರಲ್ಲೂ ಬೋರ್ಡು. ಸಾಲಿ ಅಂಗಿ ಹೊಲಿದು ಕೊಡಲಾಗುವುದು ಅಂತ ಇತ್ತು. ನನ್ನ ಕಣ್ಣು ಆ ಕೊ ಅಕ್ಷರದ ಮೇಲೆ ಸ್ವಲ್ಪ ಹೊತ್ತು ನಿಂತುಬಿಟ್ಟಿತು.

ಒಳಗೆ ಕೂತವಳು ತಲೆ ಎತ್ತಿದಳು. ಎತ್ತರದ ಹೆಂಗಸಾಗಿದ್ದಳು, ಕುತ್ತಿಗೆಗೆ ಟೇಪು ಜೋತುಬಿದ್ದಿತ್ತು. ನಾನು ಯಾರೆಂದು ಹೇಳುವ ಮುಂಚೆಯೇ, “ಅಕ್ಕೋರ,” ಅಂದಳು, ಸಾಲಿಯಲ್ಲಿ ಹುಡುಗರು ನನ್ನನ್ನು ಕರೆಯುತ್ತಿದ್ದ ಹಾಗೆಯೇ. ಅದೇ ಗೊಗ್ಗರು ಧ್ವನಿ. ಎದ್ದು ಸ್ಟೂಲಿನ ಮೇಲಿನ ಬಟ್ಟೆ ಸರಿಸಿ ಕೂರಿಸಿದಳು. ಅಪ್ಪ ಆಗಲೇ ಫೋನು ಮಾಡಿದ್ದನಂತೆ. ಚಹಾ ತರಿಸಲೇ ಎಂದು ಕೇಳಿದಳು. ಬೇಡವೆಂದೆ. ಅಂಗಿ ಅಳತೆಗೇನೂ ಬಂದಿಲ್ಲವಲ್ಲ ಎಂದು ನಕ್ಕಳು, ಆದರೆ ಕಣ್ಣು ನಗಲಿಲ್ಲ. ಬಂದದ್ದು ಯಾಕೆ ಎಂದು ಆ ಕಣ್ಣುಗಳು ಕೇಳುತ್ತಿದ್ದವು.

ನಾನು ಮನೆಯಲ್ಲಿ ಕಂಪ್ಯೂಟರು ಸ್ವಚ್ಛ ಮಾಡಲು ಕೂತದ್ದರಿಂದ ಹಿಡಿದು ಎಲ್ಲ ಹೇಳಿದೆ. ಫೋನಿಗೆ ಇಯರ್‌ಫೋನು ಸಿಕ್ಕಿಸಿ, ಅವಳು ಓದಲು ಶುರುಮಾಡುವ ಜಾಗಕ್ಕೆ ತಂದು ಕೊಟ್ಟೆ. ಅವಳು ಮೆಷಿನ್ನಿನ ಗಾಲಿಯ ಮೇಲೆ ಒಂದು ಕೈ ಇಟ್ಟುಕೊಂಡು ಕೇಳಿದಳು. ಅವಳ ಮುಖದಲ್ಲಿ ಏನಾದರೂ ಕಾಣುತ್ತದೆಯೇ ಎಂದು ನಾನು ನೋಡುತ್ತಲೇ ಇದ್ದೆ. ಏನೂ ಕಾಣಲಿಲ್ಲ. ನಡುವೆ ಒಬ್ಬ ಹೆಂಗಸು ಬಂದು ಚೀಟಿ ತೋರಿಸಿದಳು. ನಾಳೆ ಬಾ ಎಂದು ಕೈಸನ್ನೆ ಮಾಡಿ ಕಳಿಸಿದಳು. ಪೂರ್ತಿ ಕೇಳಿ, ಹೊರಗಿನಿಂದ ಹೆಸರು ಕೂಗುವವರೆಗೂ ಕೇಳಿ, ಇಯರ್‌ಫೋನು ತೆಗೆದಳು.

“ಅವತ್ತ ಸರಿ ಬಂದಿತ್ತು,” ಅಂದಳು.

ನನಗೆ ತಿಳಿಯಲಿಲ್ಲ. ಅವಳೇ ಹೇಳಿದಳು. ಮೂರನೇ ಇಯತ್ತೆಯಲ್ಲಿದ್ದಾಗ ನಾನು ಓದಲು ಎಬ್ಬಿಸಿದ್ದೆನಂತೆ. ಅವಳು ಅಜ್ಜಿಗೆ ನೀರು ಕೋಡು ಎಂದು ಓದಿದಳಂತೆ. ನೀರಿಗೆ ಯಾವಾಗ ಕೋಡು ಬಂದುವವ್ವಾ ಎಂದು ನಾನು ಕೇಳಿದೆನಂತೆ. ಇಡೀ ವರ್ಗ ನಕ್ಕಿತು, ನಾನೂ ನಕ್ಕೆ. ಆ ದಿನದಿಂದ ಹುಡುಗರು ಅವಳನ್ನು ಹೆಸರಿನಿಂದ ಕೂಗುವುದು ಬಿಟ್ಟರು. ನೀರಕೋಡು, ನೀರಕೋಡು ಅನ್ನುತ್ತಿದ್ದರು. ವಾಡದ ಹುಡುಗರು ಎಮ್ಮೆ ಮೇಯಿಸುವಲ್ಲಿಯೂ ಅದೇ ಹೆಸರಿನಿಂದ ಕೂಗುತ್ತಿದ್ದರು. ಸರಿಯಾಗಿ ಬರುವವರೆಗೆ ಅಕ್ಕೋರ ಮುಂದೆ ಬಾಯಿ ತೆರೆಯುವುದಿಲ್ಲ ಎಂದು ಅವಳು ಗಟ್ಟಿಮಾಡಿಕೊಂಡಳು. ದಿನಾ ಎಲ್ಲರೂ ಊಟಕ್ಕೆ ಹೋದಾಗ ಒಳಗೆ ಕೂತು ಓದುತ್ತಿದ್ದಳು. ಮೇಜಿನ ಮೇಲಿನ ಯಂತ್ರ ಚಾಲೂ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ನನಗೆ ಇದಾವುದೂ ನೆನಪಿರಲಿಲ್ಲ. ನೆನಪಿಲ್ಲ ಎಂದೂ ಹೇಳಿದೆ.

“ನಿಮಗ ಹ್ಯಾಂಗ ನೆನಪಿರ್ತೈತ್ರಿ? ನೀವು ದಿನಾ ಏನರೇ ಒಂದು ಅಂದು ನಗಸ್ತಿದ್ರಿ,” ಅಂದಳು. ಅದರಲ್ಲಿ ಚುಚ್ಚು ಇರಲಿಲ್ಲ. ಆಮೇಲೆ ಗಾಲಿಯ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದಳು. “ಹಂಗ ಸರಿ ಬಂದ ಮರುದಿವಸ ನನ್ನ ಪಾಳಿ ಬಂದಾಗ ನಾ ಎದ್ದು ನಿಂತೆ. ಪುಸ್ತಕಾ ತಕ್ಕೊಂಡು ನಿಂತಿದ್ನಿ. ನೀವು ನನ್ನ ನೋಡಿ, ನೀ ಕುಂದರವಾ ಅಂದ್ರಿ. ಬಾಜೂದಾಕಿನ್ನ ಎಬ್ಬಿಸಿದ್ರಿ.”

ಇದು ನನಗೆ ನೆನಪಿತ್ತು. ಆ ದಿನ ಅಂತಲ್ಲ, ಆ ರೂಢಿ. ಹೇಗೂ ಓದುವುದಿಲ್ಲ, ಎಲ್ಲರೆದುರು ನಿಲ್ಲಿಸಿ ಯಾಕೆ ನಾಚಿಸುವುದು ಎಂದು ಅವಳ ಪಾಳಿ ಬಂದಾಗಲೆಲ್ಲ ದಾಟಿಸಿ ಮುಂದೆ ಹೋಗುತ್ತಿದ್ದೆ. ಅದನ್ನು ಕರುಣೆ ಅಂತಲೇ ತಿಳಿದುಕೊಂಡಿದ್ದೆ. ಒಬ್ಬ ಸಹೋದ್ಯೋಗಿಗೆ ಹೇಳಿಯೂ ಇದ್ದೆ, ಇಂಥ ಮಕ್ಕಳನ್ನು ಒತ್ತಾಯ ಮಾಡಬಾರದು ಎಂದು.

“ತಪ್ಪಾತವಾ,” ಅಂದೆ. ಮೂರು ದಿನದಿಂದ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಅಷ್ಟೇ.

ಅವಳು ನೀಲಿ ಬಟ್ಟೆಯ ಅಂಚು ಮಡಚಿ ಉಗುರಿನಿಂದ ಗೆರೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ, ಅದನ್ನು ತನ್ನ ಫೋನಿಗೆ ಕಳಿಸಿರಿ ಅಂದಳು. ನಂಬರು ಹೇಳಿದಳು. ಅಲ್ಲಿ ನೆಟ್‌ವರ್ಕು ಬಹಳ ನಿಧಾನ. ಸಣ್ಣ ವೃತ್ತವೊಂದು ತಿರುಗುತ್ತಲೇ ಇತ್ತು. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ಅವಳ ಮಗಳು ಎರಡು ವರ್ಷದ್ದು, ಮೂಲೆಯಲ್ಲಿ ಬಟ್ಟೆಯ ತುಂಡುಗಳ ನಡುವೆ ಮಲಗಿತ್ತು. ಅದನ್ನು ನಾನು ಆಗಲೇ ನೋಡಿದ್ದು. ಕೊನೆಗೆ ಅವಳ ಫೋನು ಸದ್ದು ಮಾಡಿತು. ತೆರೆದು ಕೇಳಿ ಖಾತ್ರಿ ಮಾಡಿಕೊಂಡಳು.

“ಇನ್ನ ನಿಮ್ಮ ಕಡೆ ಇರೂದು ಬ್ಯಾಡ್ರಿ ಅಕ್ಕೋರ. ಅಳಿಸಿಬಿಡ್ರಿ,” ಅಂದಳು.

ನಾನು ಇಷ್ಟು ನಿರೀಕ್ಷಿಸಿರಲಿಲ್ಲ. ಇರಲಿಬಿಡು, ನಾನೇನು ಯಾರಿಗೂ ಕೇಳಿಸುವುದಿಲ್ಲ ಅಂದೆ. ಖರೇ ಹೇಳಬೇಕೆಂದರೆ ಆ ಫೈಲಿನ ಮೇಲೆ ನನಗೆ ಒಂದು ಥರದ ಹಕ್ಕು ಇದೆ ಅನಿಸಿತ್ತು. ನನ್ನ ಯಂತ್ರ, ನನ್ನ ಸಾಲಿ, ಹದಿಮೂರು ವರ್ಷ ನನ್ನ ಮನೆಯಲ್ಲಿದ್ದದ್ದು.

“ಅದು ಯಾರಿಗೂ ಕೇಳಸಾಕಂತ ಓದಿದ್ದಲ್ರಿ,” ಅಂದಳು.

ಅವಳೆದುರೇ ಫೋನಿನಿಂದ ಅಳಿಸಿದೆ. ಮನೆಗೆ ಹೋಗಿ ಕಂಪ್ಯೂಟರಿನಿಂದಲೂ ಅಳಿಸುತ್ತೇನೆ ಎಂದೆ. ಅವಳು ಬಾಗಿಲವರೆಗೆ ಬಂದು, ಬಸ್ ಸ್ಟ್ಯಾಂಡಿಗೆ ಹತ್ತಿರದ ದಾರಿ ತೋರಿಸಿ, ಹುಷಾರಾಗಿ ಹೋಗ್ರಿ ಅಂದಳು. ನಾನು ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಮೆಷಿನ್ನಿನ ಸದ್ದು ಶುರುವಾಗಿತ್ತು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಕಂಪ್ಯೂಟರಿನ ಮುಂದೆ ಕೂತೆ. ಫೈಲು ಅಳಿಸಿದೆ, ರಿಸೈಕಲ್ ಬಿನ್ನಿಗೆ ಹೋಗಿ ಅಲ್ಲಿಂದಲೂ ತೆಗೆದೆ. ನಮ್ಮ ಮನೆಯವರು ಹಿಂದೆ ನಿಂತು ನೋಡುತ್ತಿದ್ದರು. ಮೊಗದಲ್ಲಿ ಒಂದು ಥರದ ಗೆಲುವು. ಹೆದರಬೇಡ, ಕೈತಪ್ಪಿ ಹೋದೀತು ಎಂದು ತಾವು ಅದನ್ನು ಎರಡು ಪೆನ್ ಡ್ರೈವಿಗೆ ಹಾಕಿಟ್ಟಿರುವುದಾಗಿ ಹೇಳಿದರು. ಒಂದನ್ನು ದೇವರ ಕಟ್ಟೆಯ ಹತ್ತಿರದ ಡಬ್ಬಿಯಲ್ಲಿಯೇ ಇಟ್ಟಿದ್ದರು. ಮೂರು ದಿನ ನಾನು ಒದ್ದಾಡಿದ್ದನ್ನು ನೋಡಿ ಅವರಿಗೆ ತಿಳಿದ ರೀತಿಯಲ್ಲಿ ಮಾಡಿದ್ದರು.

ಅವನ್ನೂ ಅಳಿಸಬೇಕು ಅಂದೆ. ಅವರು ಒಪ್ಪಲಿಲ್ಲ. ಅಷ್ಟು ಚೆನ್ನಾಗಿ ಓದಿದ ಹುಡುಗಿ, ಮುಂದೆ ಅವಳ ಫೋನು ಕೆಟ್ಟರೆ ಏನು ಗತಿ, ಒಂದು ಪ್ರತಿ ಇದ್ದರೆ ಯಾರಿಗೇನು ತೊಂದರೆ ಎಂದು ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೂ ಅದೇ ಆಸೆ ಇತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು. ನಾನು ಮಾತು ಕೊಟ್ಟು ಬಂದೇನ್ರಿ ಅಂದೆ. ಅವರು ಪೆನ್ ಡ್ರೈವ್ ಎರಡನ್ನೂ ತಂದು ಮೇಜಿನ ಮೇಲಿಟ್ಟು ಹೊರಗೆ ಹೋದರು. ಊಟದ ಹೊತ್ತಿನವರೆಗೆ ಮಾತಾಡಲಿಲ್ಲ. ಎರಡನ್ನೂ ನಾನೇ ಖಾಲಿ ಮಾಡಿದೆ.

ಇಲ್ಲಿಗೆ ನನ್ನ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಫೋಲ್ಡರಿನಲ್ಲಿ ಇನ್ನೂ ಮುನ್ನೂರು ಚಿಲ್ಲರೆ ಫೈಲುಗಳಿದ್ದವು. ಮರುದಿನ ಮುಂಜಾನೆ ಮೊದಲನೆಯದನ್ನು ತೆರೆದೆ. ಇಷ್ಟು ವರ್ಷದಲ್ಲಿ ಯಾವಾಗ ಕೇಳಿದರೂ ಹುಡುಗರ ಓದು ಕೇಳಿದ್ದೆ. ಈ ಸಲ ನನ್ನ ಧ್ವನಿ ಕೇಳಿಸಿತು. ಎಲ್ಲದರಲ್ಲೂ ನಾನಿದ್ದೆ. ಹೂಂ, ಮುಂದ ಓದು. ಬಾಯಾಗ ಏನ್ ಇಟಗೊಂಡೀ? ಅದೇನು ಅಕ್ಷರ ಐತೋ, ಇರಿವಿ ಐತೋ? ಅದರ ಹಿಂದೆಯೇ ವರ್ಗದ ನಗು. ನನ್ನ ನಗು ಎಲ್ಲಕ್ಕಿಂತ ಜೋರು, ಯಂತ್ರಕ್ಕೆ ಹತ್ತಿರ ಇದ್ದವಳು ನಾನೇ ಅಲ್ಲವೇ. ಗುಂಜಿಯ ಕಡೆ ನನಗೆ ನಗಿಸುವ ಅಕ್ಕೋರು ಅನ್ನುತ್ತಿದ್ದರು. ಅದನ್ನು ನಾನು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದೆ.

ನೀರಿನ ಕೋಡಿನ ಮಾತು ಎಲ್ಲಿಯಾದರೂ ಇದೆಯೇ ಎಂದು ಹುಡುಕುತ್ತ ಹೋದೆ. ಸಿಗಲಿಲ್ಲ. ಆ ದಿನ ಮುದ್ರಿಸಿರಲಿಲ್ಲವೋ ಏನೋ. ಸಿಕ್ಕದ್ದು ಬೇರೆ. ಬಹಳ ಹುಡುಗರು ನಾನು ಅಂದದ್ದಕ್ಕೆ ತಾವೂ ನಕ್ಕು ಮುಂದೆ ಓದಿದ್ದರು. ಆದರೆ ಕೆಲವರು ನಗುವಿನ ನಂತರ ಸುಮ್ಮನಾಗಿದ್ದರು. ಹೇಳು, ಹೇಳು ಎಂದು ನಾನು ಅವಸರ ಮಾಡುತ್ತಿರುತ್ತೇನೆ. ಆ ಕಡೆಯಿಂದ ಉಸಿರಾಟವಷ್ಟೇ ಕೇಳುತ್ತದೆ. ಆಮೇಲೆ ನಾನೇ ಯಂತ್ರ ಬಂದ್ ಮಾಡಿರುತ್ತೇನೆ. ಅಂಥವರ ಹೆಸರನ್ನು ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಳ್ಳತೊಡಗಿದೆ.

ಈ ನಡುವೆ ತರಬೇತಿಯ ವಿಡಿಯೋ ಯಾಕೆ ಬಂದಿಲ್ಲ ಎಂದು ಎರಡು ಸಲ ಫೋನು ಬಂತು. ನಮ್ಮ ಓಣಿಯಲ್ಲಿಯೇ ಇರುವ ಇನ್ನೊಬ್ಬ ಶಿಕ್ಷಕಿಯ ಮನೆಗೆ ಹೋಗಿ ಅವರ ಕಂಪ್ಯೂಟರಿನಿಂದ ಕಳಿಸಿ ಬಂದೆ. ಓದಿಸುವುದು ಹೇಗೆ ಎಂಬ ವಿಷಯದ ಮೇಲಿನ ವಿಡಿಯೋ ಅದು. ಕತ್ತರಿಸದೇ ಹಾಗೇ ಕಳಿಸಿದೆ. ಮನೆಯವರು ಮತ್ತೊಮ್ಮೆ ಕೇಳಿದರು, ಹಾಗಾದರೆ ಆ ಮುನ್ನೂರನ್ನು ಏನು ಮಾಡುತ್ತೀ, ಇಡುತ್ತೀಯೋ ಅಳಿಸುತ್ತೀಯೋ. ನನಗೆ ತಿಳಿಯದು ಎಂದೆ. ತಿಳಿಯದೆ ಇರುವುದು ನಿಜವೇ ಆಗಿತ್ತು. ನನ್ನವು ಎಂದು ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ, ಬೇಡಾದವು ಎಂದು ತೆಗೆಯಲೂ ಆಗುತ್ತಿರಲಿಲ್ಲ.

ಸೂಟಿ ಮುಗಿಯುವ ಹೊತ್ತಿಗೆ ಹಾಳೆಯ ಮೇಲೆ ಏಳು ಹೆಸರಿದ್ದವು. ಗುಂಜಿ ಸಾಲಿಯಲ್ಲಿ ಬಿಸಿಯೂಟ ಮಾಡುತ್ತಿದ್ದಾಕೆಗೆ ಫೋನು ಮಾಡಿ ಕೇಳಿದೆ. ಇಬ್ಬರ ನಂಬರು ಕೊಟ್ಟಳು. ಮೊದಲನೆಯದು ಚಾಲೂ ಇರಲಿಲ್ಲ. ಎರಡನೆಯವನು ಈಗ ಲೋಂಡಾದ ಕಡೆ ಟ್ರಾಕ್ಟರ್ ಓಡಿಸುತ್ತಾನಂತೆ. ಮೂರನೇ ಸಲಕ್ಕೆ ಫೋನು ಎತ್ತಿದ, ಹಿಂದೆ ಯಂತ್ರದ ಗದ್ದಲ. ನಾನು ಯಾರು ಎಂದು ಹೇಳಿದೆ. ನಿನ್ನ ಹತ್ತಿರ ಸ್ವಲ್ಪ ಮಾತಾಡುವುದಿತ್ತು ಅಂದೆ.

ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ನಿಂತಿತು.

“ಹೇಳ್ರಿ ಅಕ್ಕೋರ,” ಅಂದ.